ಎರಡನೇ ಚೆಕ್ ಕಿತ್ತು ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಕ್ರಿಪ್ಟೋಕರೆನ್ಸಿ ನೋಡ್‌ಗಳ (ವಹಿವಾಟುಗಳನ್ನು ಪರೀಕ್ಷಿಸಿ ಲೆಕ್ಕ ಇಡುವ ಜಾಲದ ಕಂಪ್ಯೂಟರ್‌ಗಳ) ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಬೆಲೆ ಏರಿತು, ಬೆಲೆ ಬಿತ್ತು ಅನ್ನೋ ಸುದ್ದಿಯನ್ನಷ್ಟೇ ಎಲ್ಲರೂ ಬರೆಯುವಾಗ ನೀವು ಸಾಫ್ಟ್‌ವೇರ್ ಒಳಗೆ ಇಣುಕಿದ್ದು ಖುಷಿಯಾಯಿತು. ಆದರೆ ಲೇಖನದ ಮುಖ್ಯ ವಾದ ನನಗೆ ಒಪ್ಪಿಗೆಯಾಗಲಿಲ್ಲ. ನೋಡ್ ಒಂದೇ ವಹಿವಾಟನ್ನು ಮೆಂಪೂಲ್‌ಗೆ ಸೇರಿಸುವಾಗ ಒಮ್ಮೆ, ಬ್ಲಾಕ್‌ನಲ್ಲಿ (ಸರಪಳಿಗೆ ಸೇರುವ ವಹಿವಾಟುಗಳ ಕಂತೆಯಲ್ಲಿ) ಬಂದಾಗ ಇನ್ನೊಮ್ಮೆ ಪರೀಕ್ಷಿಸುತ್ತದೆ, ಎರಡನೆಯದು ಸುಮ್ನೆ ದಂಡ, ತೆಗೆದುಹಾಕಿದರೆ ವೇಗ ಹೆಚ್ಚುತ್ತದೆ ಅಂತ ಅದರಲ್ಲಿದೆ. ನಿಜ ಹೇಳಬೇಕೆಂದರೆ, ಎರಡರಲ್ಲಿ ಒಂದನ್ನು ಬಿಡಲೇಬೇಕು ಅಂದರೆ ಬಿಡಬೇಕಾದದ್ದು ಮೊದಲನೆಯದು!

ಯಾಕೆ ಅಂತೀರಾ? ಮೆಂಪೂಲ್ ಅನ್ನೋದು ಇನ್ನೂ ಬ್ಲಾಕ್ ಸೇರದ ವಹಿವಾಟುಗಳಿಗೆ ಆಯಾ ನೋಡ್ ತನಗೋಸ್ಕರ ಇಟ್ಟುಕೊಂಡ ಕಾಯುವ ಜಾಗ. ಬ್ಲಾಕ್‌ನಲ್ಲಿರುವ ವಹಿವಾಟು ಅದರ ಮೂಲಕವೇ ಬರಬೇಕು ಅಂತ ಯಾವ ನಿಯಮವೂ ಇಲ್ಲ. ಬ್ಲಾಕ್ ಕಟ್ಟಿ ಬಹುಮಾನ ಪಡೆಯುವ ಮೈನರ್ ಮನಸ್ಸು ಮಾಡಿದರೆ ಯಾರಿಗೂ ತೋರಿಸದ ವಹಿವಾಟನ್ನು ನೇರವಾಗಿ ಬ್ಲಾಕ್‌ಗೆ ತುರುಕಬಹುದು. ಹಾಗಾಗಿ ಬ್ಲಾಕ್ ಬಂದಾಗ ನಡೆಯುವ ಪರೀಕ್ಷೆಯೇ ಅಸಲಿ ಪರೀಕ್ಷೆ. ಮೊದಲನೆಯದು ಕಸ ಒಳಗೆ ಬರದಂತೆ ತಡೆಯಲು ಮಾತ್ರ.

ನೋಡ್ ಸಾಫ್ಟ್‌ವೇರ್ ಬರೆಯುವವರಿಗೆ ಇದು ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದವರೂ ಜಾರಿದ್ದಾರೆ. ಬಿಟ್‌ಕಾಯಿನ್‌ನ ಮುಖ್ಯ ನೋಡ್ ಸಾಫ್ಟ್‌ವೇರ್ ಆದ ಬಿಟ್‌ಕಾಯಿನ್ ಕೋರ್‌ನ 0.14 ಆವೃತ್ತಿ 2017ರ ಮಾರ್ಚ್‌ನಲ್ಲಿ ಬಂತು. ಒಂದೇ ವಹಿವಾಟು ಒಂದೇ ನಾಣ್ಯವನ್ನು ಎರಡು ಸಲ ಇನ್‌ಪುಟ್ (ಖರ್ಚು ಮಾಡುವ ಹಣ) ಆಗಿ ಕೊಟ್ಟಿದೆಯಾ ಅಂತ ನೋಡುವ ಪುಟ್ಟ ಚೆಕ್ ಒಂದಿತ್ತು. ಬ್ಲಾಕ್ ಪರೀಕ್ಷೆಯಲ್ಲಿ ಅದನ್ನು ಅವರು ಬಿಟ್ಟರು. ಕಾರಣ ಕೇಳಲು ಚೆನ್ನಾಗಿಯೇ ಇತ್ತು: ಮುಂದೆ ಆ ನಾಣ್ಯವನ್ನು 'ಖರ್ಚಾಯಿತು' ಅಂತ ಗುರುತು ಹಾಕುವ ಹಂತ ಇದೆ, ಅಲ್ಲಿ ಹೇಗೂ ಸಿಕ್ಕಿಬೀಳುತ್ತದೆ, ಇಲ್ಲಿ ಯಾಕೆ ಇನ್ನೊಂದು ಸಲ? ಹೊಸ ಬ್ಲಾಕ್ ಜಾಲದಲ್ಲಿ ಬೇಗ ಹರಡಬೇಕು ಅನ್ನೋ ಆತುರವೂ ಇತ್ತು.

ಸಿಕ್ಕಿಬೀಳುತ್ತಿತ್ತು ನಿಜ, ಆದರೆ ಅಲ್ಲಿದ್ದದ್ದು ಬ್ಲಾಕ್ ತಿರಸ್ಕರಿಸುವ ಚೆಕ್ ಅಲ್ಲ, ಅಸರ್ಟ್. ಅಂದರೆ ಹೀಗಾಗಲು ಸಾಧ್ಯವೇ ಇಲ್ಲ, ಹಾಗೇನಾದರೂ ಆಗಿಬಿಟ್ಟರೆ ಪ್ರೋಗ್ರಾಂ ನಿಂತುಹೋಗಲಿ ಅನ್ನೋ ಸಾಲು. ಹಾಗಾಗಿ ಯಾವನಾದರೂ ಮೈನರ್ ಅಂಥ ಬ್ಲಾಕ್ ಮಾಡಿ ಬಿಟ್ಟಿದ್ದರೆ ಅದನ್ನು ಪಡೆದ ನೋಡ್‌ಗಳು ಕ್ರ್ಯಾಶ್ ಆಗುತ್ತಿದ್ದವು. ಅವನಿಗಾಗುವ ನಷ್ಟ ಆಗಿನ ಬ್ಲಾಕ್ ಬಹುಮಾನ 12.5 ಬಿಟ್‌ಕಾಯಿನ್ ಅಷ್ಟೇ. ಇಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ 0.15ರಲ್ಲಿ ಖರ್ಚಾಗದ ನಾಣ್ಯಗಳ ಲೆಕ್ಕ ಇಡುವ ಕೋಡನ್ನು ಬೇರೆ ಕಾರಣಕ್ಕೆ ಹೊಸದಾಗಿ ಬರೆದರು. ಆಗ ಆ ಅಸರ್ಟ್‌ನ ಅರ್ಥವೇ ಸದ್ದಿಲ್ಲದೆ ಬದಲಾಯಿತು. ಮೊದಲು 'ಈ ನಾಣ್ಯ ಇನ್ನೂ ಖರ್ಚಾಗಿಲ್ಲ ತಾನೇ' ಅಂತ ಕೇಳುತ್ತಿದ್ದದ್ದು ಈಗ 'ಈ ನಾಣ್ಯದ ದಾಖಲೆ ಇದೆ ತಾನೇ' ಅಂತ ಮಾತ್ರ ಕೇಳತೊಡಗಿತು. ಹಳೆಯ ಬ್ಲಾಕ್‌ನ ನಾಣ್ಯವಾದರೆ, ಒಮ್ಮೆ ಖರ್ಚಾದ ಮೇಲೂ ಅದರ ದಾಖಲೆ ಮೆಮೊರಿಯಲ್ಲಿ ಉಳಿದಿರುತ್ತದೆ. ಎರಡನೇ ಸಲವೂ ಸಲೀಸಾಗಿ ಪಾಸ್! ಉಂಡೂ ಹೋದ ಕೊಂಡೂ ಹೋದ ಅಂತಾರಲ್ಲ, ಹಾಗೆ. ಮೈನರ್ ಒಬ್ಬ ಗಾಳಿಯಿಂದ ಹೊಸ ನಾಣ್ಯ ಸೃಷ್ಟಿಸಬಹುದಿತ್ತು. 2.1 ಕೋಟಿಗಿಂತ ಹೆಚ್ಚು ಬಿಟ್‌ಕಾಯಿನ್ ಎಂದೂ ಬರುವುದಿಲ್ಲ ಅನ್ನೋ ಇಡೀ ನಂಬಿಕೆ ನಿಂತಿದ್ದ ಜಾಗದಲ್ಲೇ ತೂತು.

2018ರ ಸೆಪ್ಟೆಂಬರ್ 17ರಂದು ಬಿಟ್‌ಕಾಯಿನ್‌ನಿಂದ ಕವಲೊಡೆದ ಬಿಟ್‌ಕಾಯಿನ್ ಕ್ಯಾಶ್ ಕಡೆಯ ಡೆವಲಪರ್ ಒಬ್ಬರು ಇದನ್ನು ಕಂಡು ಗುಟ್ಟಾಗಿ ತಿಳಿಸಿದರು, ಮರುದಿನವೇ 0.16.3 ಬಂತು. ಬಿಟ್‌ಕಾಯಿನ್‌ನ ಮುಖ್ಯ ಜಾಲದಲ್ಲಿ ಯಾರೂ ಇದನ್ನು ಬಳಸಿಕೊಳ್ಳಲಿಲ್ಲ. ಪಿಜನ್‌ಕಾಯಿನ್ ಅನ್ನೋ ಸಣ್ಣ ನಾಣ್ಯಕ್ಕೆ ಆ ಅದೃಷ್ಟ ಇರಲಿಲ್ಲ, ಅದೇ ಕೋಡ್ ನಕಲು ಮಾಡಿಕೊಂಡಿದ್ದ ಅವರ ಜಾಲದಲ್ಲಿ ಯಾರೋ ನಿಜವಾಗಿಯೇ ನಾಣ್ಯ ಹುಟ್ಟಿಸಿದರು.

ಇಷ್ಟೆಲ್ಲಾ ಆದದ್ದು ಎಷ್ಟು ಸಮಯ ಉಳಿಸಲು ಅಂದರೆ, ಒಂದು ಬ್ಲಾಕ್‌ಗೆ ಕಣ್ಣು ರೆಪ್ಪೆ ಮಿಟುಕಿಸುವುದರ ಒಂದು ಚೂರು. ತೆಗೆದ ದಿನ ತಪ್ಪಿನ ಅರ್ಧವಷ್ಟೇ ಇತ್ತು ಅನ್ನೋದನ್ನು ಗಮನಿಸಿ. ಉಳಿದರ್ಧ ತಿಂಗಳುಗಳ ನಂತರ, ಬೇರೆ ಕೆಲಸಕ್ಕಾಗಿ ಮಾಡಿದ ಬದಲಾವಣೆಯಲ್ಲಿ ಬಂತು. 'ಅಲ್ಲಿ ನೋಡ್ಕೊಳ್ತಾರೆ ಬಿಡು' ಅಂತ ಇಲ್ಲಿ ಕೈಬಿಟ್ಟದ್ದು ಅಲ್ಲಿರುವವರಿಗೆ ಗೊತ್ತೇ ಇರಲಿಲ್ಲ.

ಹಾಗಂತ ಹಳೆಯದನ್ನೆಲ್ಲ ಹಾಗೇ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ತೆಗೆಯುವ ರೀತಿ ಅಂತ ಒಂದಿದೆ. 2010ರಲ್ಲಿ ಎರಡು ಸಲ ಮೈನರ್ ಬಹುಮಾನದ ವಹಿವಾಟು ಹಳೆಯದರ ಪಡಿಯಚ್ಚಾಗಿ ಬಂತು, ಐಡಿ ಕೂಡ ಅದೇ. ಹೊಸದು ಹಳೆಯದನ್ನು ಅಳಿಸಿಹಾಕಿತು, ಪ್ರತಿ ಸಲ 50 ಬಿಟ್‌ಕಾಯಿನ್ ಕಾಣೆ. ಅದಕ್ಕೆ 2012ರಲ್ಲಿ ಬಿಪ್ 30 (ಬಿಪ್ ಅಂದರೆ ಬಿಟ್‌ಕಾಯಿನ್ ಸುಧಾರಣೆಯ ಪ್ರಸ್ತಾವ) ಅನ್ನೋ ನಿಯಮ ತಂದರು: ಪೂರ್ತಿ ಖರ್ಚಾಗದ ಹಳೆಯ ವಹಿವಾಟಿನ ಐಡಿ ಮತ್ತೆ ಬರಬಾರದು. ಇದನ್ನು ನೋಡಲು ಪ್ರತಿ ವಹಿವಾಟಿಗೂ ಡೇಟಾಬೇಸ್ ಹುಡುಕಬೇಕು, ಅದು ದುಬಾರಿ. ಮುಂದೆ ಬಿಪ್ 34 ಬಂದು, 227931ನೇ ಬ್ಲಾಕ್‌ನಿಂದ ಬಹುಮಾನದ ವಹಿವಾಟಿನಲ್ಲಿ ಬ್ಲಾಕ್ ಸಂಖ್ಯೆ ಬರೆಯುವುದು ಕಡ್ಡಾಯವಾಯಿತು. ಸಂಖ್ಯೆ ಬೇರೆ ಬೇರೆ ಆದ ಮೇಲೆ ಐಡಿ ಒಂದೇ ಆಗೋದು ಹೇಗೆ? ಆದ್ದರಿಂದ ಹಳೆಯ ಚೆಕ್ ಬಿಟ್ಟರು.

ಆದರೆ ಅಲ್ಲಿಗೆ ಕೈ ತೊಳೆದುಕೊಳ್ಳಲಿಲ್ಲ. ನಿಯಮ ಬರುವ ಮೊದಲಿನ ಬ್ಲಾಕ್‌ಗಳಲ್ಲಿ ಆಕಸ್ಮಿಕವಾಗಿ ಮುಂದೆಂದೋ ಬರುವ ಬ್ಲಾಕ್‌ನ ಸಂಖ್ಯೆಯಂತೆ ಓದಿಸಿಕೊಳ್ಳುವ ಬೈಟ್‌ಗಳು ಇವೆಯಾ ಅಂತ ಹುಡುಕಿದರು. ಇದ್ದವು! 164384ನೇ ಬ್ಲಾಕ್‌ನಲ್ಲಿರುವ ಬೈಟ್‌ಗಳು 1983702 ಅಂತ ಓದಿಸಿಕೊಳ್ಳುತ್ತವೆ. ಆ ಸಂಖ್ಯೆಯ ಬ್ಲಾಕ್ ಬರುವುದು ಸುಮಾರು 2046ರಲ್ಲಿ. ಹಾಗಾಗಿ ಅಲ್ಲಿಂದ ಬಿಪ್ 30 ಚೆಕ್ ಮತ್ತೆ ಶುರುವಾಗಬೇಕು ಅಂತ ಕೋಡ್‌ನಲ್ಲೇ ಇದೆ, ಯಾಕೆ ಅನ್ನೋದರ ಉದ್ದನೆಯ ವಿವರಣೆ ಸಮೇತ. ನನ್ನ ಮಟ್ಟಿಗೆ ಇಡೀ ಸಾಫ್ಟ್‌ವೇರ್‌ನ ಅತಿ ಚಂದದ ಕಾಮೆಂಟ್ ಅದು.

ಇನ್ನು ನೆನಪಿಟ್ಟುಕೊಳ್ಳುವುದು ಬೇರೆ, ಬಿಟ್ಟುಬಿಡುವುದು ಬೇರೆ. ನಿಮ್ಮ ಲೇಖಕರು ಎರಡನ್ನೂ ಒಂದೇ ಗಂಟು ಕಟ್ಟಿದ್ದಾರೆ. ಹೆಚ್ಚು ಸಮಯ ತಿನ್ನುವುದು ಸಿಗ್ನೇಚರ್ ಪರೀಕ್ಷೆ, ಅಂದರೆ ನಾಣ್ಯದ ಒಡೆಯನೇ ಈ ಖರ್ಚಿಗೆ ಸಹಿ ಹಾಕಿದ್ದಾನಾ ಅಂತ ನೋಡುವುದು. ಒಮ್ಮೆ ಸರಿ ಅಂತ ಕಂಡ ಸಿಗ್ನೇಚರ್ ಅನ್ನು ನೋಡ್ ನೆನಪಿಟ್ಟುಕೊಳ್ಳುತ್ತದೆ, ಬ್ಲಾಕ್ ಬಂದಾಗ ಅದೇ ಉತ್ತರ ಬಳಸುತ್ತದೆ. ನೆನಪಿನಲ್ಲಿ ಇಲ್ಲದಿದ್ದರೆ ಮತ್ತೆ ಲೆಕ್ಕ ಹಾಕುತ್ತದೆ. ಮೆಂಪೂಲ್‌ನಲ್ಲಿ ಮಾಡಿದ ಕೆಲಸ ಹೀಗೆ ಬಹುಪಾಲು ಉಳಿಯುತ್ತದೆ, ಪರೀಕ್ಷೆಯೂ ತಪ್ಪುವುದಿಲ್ಲ. ಹಳೆಯ ಬ್ಲಾಕ್‌ಗಳ ಸ್ಕ್ರಿಪ್ಟ್ (ಸಿಗ್ನೇಚರ್ ಸೇರಿದಂತೆ ಖರ್ಚಿನ ಷರತ್ತು) ಪರೀಕ್ಷೆ ಬಿಡುವ 'ಅಸ್ಯೂಮ್‌ವ್ಯಾಲಿಡ್' ಕೂಡ ಇದೆ. ಅದು ಬಂದದ್ದೂ ಅದೇ 0.14ರಲ್ಲಿ, ತಮಾಷೆ ನೋಡಿ. ಅದರಲ್ಲಿ ನಾಣ್ಯಗಳ ಲೆಕ್ಕ, ಮೊತ್ತ, ಪ್ರೂಫ್ ಆಫ್ ವರ್ಕ್ (ಬ್ಲಾಕ್ ಕಟ್ಟಲು ಮೈನರ್ ಪಟ್ಟ ಶ್ರಮದ ಪುರಾವೆ) ಎಲ್ಲ ಮಾಮೂಲಿನಂತೆ ನಡೆಯುತ್ತದೆ, ಬೇಡದವರು ಆ ಸೌಲಭ್ಯವನ್ನೇ ನಿಲ್ಲಿಸಬಹುದು. ಇಂಥದ್ದಕ್ಕೆ ನನ್ನ ತಕರಾರಿಲ್ಲ.

ವೇಗಕ್ಕೋಸ್ಕರ ಪೂರ್ತಿ ಕಣ್ಣು ಮುಚ್ಚಿದವರೂ ಇದ್ದರು. 2015ರ ಜುಲೈ 4ರಂದು, ಬ್ಲಾಕ್ ತೆರೆದು ನೋಡದೆ ಬರೀ ಹೆಡರ್ (ಬ್ಲಾಕ್‌ನ ಸಾರಾಂಶ ಇರುವ ಮೇಲ್ಭಾಗ) ನಂಬಿ ಮುಂದಿನದಕ್ಕೆ ಕೈ ಹಾಕುತ್ತಿದ್ದ ದೊಡ್ಡ ಮೈನರ್‌ಗಳು ಅಮಾನ್ಯ ಬ್ಲಾಕ್ ಒಂದರ ಮೇಲೆ ಕಟ್ಟುತ್ತಾ ಹೋದರು. ಆರು ಬ್ಲಾಕ್‌ಗಳ ಸರಪಳಿ ಕಸದ ಬುಟ್ಟಿಗೆ ಹೋಯಿತು.

ಕೊನೆಯದಾಗಿ ಒಂದು ಸಣ್ಣ ವಿಷಯ, ಆದರೆ ಲೇಖನದಲ್ಲಿ ಇದರ ಸುಳಿವೇ ಇರಲಿಲ್ಲ. ಡಿಸ್ಕ್‌ಗೆ ಬರೆದಿಟ್ಟ ಬ್ಲಾಕನ್ನು ಸರಪಳಿಗೆ ಜೋಡಿಸುವಾಗ ಮೂಲಭೂತ ಚೆಕ್‌ಗಳನ್ನು ಮತ್ತೆ ಮಾಡುವ ಸಾಲು ಬಿಟ್‌ಕಾಯಿನ್ ಕೋರ್‌ನಲ್ಲಿದೆ. ಹಿಂದಿನ ಆವೃತ್ತಿ ಯಾವುದಾದರೂ ಕೆಟ್ಟ ಬ್ಲಾಕನ್ನು ಒಳಗೆ ಬಿಟ್ಟಿದ್ದರೆ ಅಂತ ಅಲ್ಲೇ ಕಾರಣ ಬರೆದಿದ್ದಾರೆ. ಡಿಸ್ಕ್ ಅಥವಾ ಮೆಮೊರಿ ಕೆಟ್ಟು ಡೇಟಾ ಹಾಳಾಗಿದ್ದರೂ ಸಿಗುವುದು ಇಲ್ಲೇ. ಕಾಗದದ ಮೇಲೆ ಇದಕ್ಕಿಂತ ದಂಡದ ಚೆಕ್ ಇನ್ನೊಂದಿಲ್ಲ ಅನಿಸುತ್ತದೆ, ಅಲ್ವಾ?

ಚೆಕ್ ತೆಗೆಯಬೇಕು ಅನ್ನುವವರು ಮೂರು ಮಾತಿಗೆ ಉತ್ತರ ಕೊಡಲಿ: ಅದೇ ಕೆಲಸ ಮಾಡುವ ಇನ್ನೊಂದು ಚೆಕ್ ಯಾವ ಸಾಲಿನಲ್ಲಿದೆ, ಅದು ಬ್ಲಾಕನ್ನು ತಿರಸ್ಕರಿಸುತ್ತದೋ ಇಲ್ಲಾ ಪ್ರೋಗ್ರಾಮನ್ನೇ ಕೆಡವುತ್ತದೋ, ಬೇಕಂತಲೇ ಕೆಟ್ಟ ಬ್ಲಾಕ್ ಕೊಟ್ಟು ನೋಡುವ ಟೆಸ್ಟ್ ಬರೆದಿದ್ದಾರೋ ಇಲ್ಲವೋ. ಆ ಇನ್ನೊಂದು ಸಾಲಿನ ಪಕ್ಕದಲ್ಲೂ 'ಇದನ್ನು ನಂಬಿ ಅಲ್ಲಿ ತೆಗೆದಿದ್ದೇವೆ' ಅಂತ ಬರೆದಿರಲಿ.

ಮೆಂಪೂಲ್‌ನಲ್ಲಿ ಒಮ್ಮೆ ನೋಡಿದರೆ ಸಾಕು ಅನ್ನೋ ವಾಕ್ಯವನ್ನು ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ತಿದ್ದಿ. ಓದಿದವರಲ್ಲಿ ಯಾರಾದರೂ ನೋಡ್ ಕೋಡ್ ಬರೆಯಲು ಕೂತಿರಬಹುದು.

ಇಂತಿ,
ನಿಮ್ಮ ಓದುಗ