ಒಸರುವುದು ಬೇರೆ, ಸೋರುವುದು ಬೇರೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದೆ. ಕಾರಿನಡಿ ಅಂಗೈಯಗಲದ ಕರೀ ಆಯಿಲ್ ಕಲೆ, ಅದರ ಕೆಳಗೆ ನಿನ್ನ ಒಂದೇ ಸಾಲು: "ಮಾರಿಬಿಡಲಾ?" ಫೋನ್ ಮಾಡಿ ಬೇಡ ಅನ್ನಬಹುದಿತ್ತು. ಆದರೆ ಒಂಬತ್ತು ವರ್ಷದಿಂದ ನಾನೂ ನಿನ್ನಂತೆಯೇ ಒಂದು ಎಂಜಿಬಿ, ಆ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಸಾಕಿದ್ದೇನೆ. ಅದರಡಿ ಮಲಗಿ ಕಲಿತದ್ದನ್ನು ನಿನಗೆ ಬರೆದೇ ತಿಳಿಸಬೇಕು ಅನ್ನಿಸಿತು.

ಮಾರಬೇಡ ಮಾರಾಯ. ನಮ್ಮ ಭಾಷೆಯಲ್ಲಿ ಹೀಗೆ ಹೊರಬರುವುದಕ್ಕೆ ಎಷ್ಟೊಂದು ಮಾತುಗಳಿವೆ ನೋಡು: ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು. ಮಳೆಗಾಲದಲ್ಲಿ ನಿಮ್ಮಪ್ಪ ಅಟ್ಟಕ್ಕೆ ಹತ್ತಿ, ಯಾವ ಹೆಂಚು ಈಗಲೇ ಬದಲಾಗಬೇಕು, ಯಾವುದರ ಕೆಳಗೆ ಪಾತ್ರೆ ಇಟ್ಟರೆ ಸಾಕು ಅಂತ ಹೇಳುತ್ತಿದ್ದರಲ್ಲ, ಇದೂ ಹಾಗೆಯೇ.

ನಿನ್ನ ಕಲೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗಿದೆ. ನಿನ್ನದು 1963ರ ಕಾರು. ಆ ಎಂಜಿನ್‌ಗೆ ಕ್ರ್ಯಾಂಕ್‌ಶಾಫ್ಟ್ ಅನ್ನುವ ಮುಖ್ಯ ತಿರುಗುವ ದಂಡವನ್ನು ಹಿಡಿದಿರುವ ಮೇನ್ ಬೇರಿಂಗ್ ಮೂರೇ, ಆ ದಂಡದ ಹಿಂತುದಿಯಲ್ಲಿ ಆಯಿಲ್ ತಡೆಯುವ ರಬ್ಬರ್ ಸೀಲೇ ಇಲ್ಲ. ಅದರ ಬದಲು ಶಾಫ್ಟಿನ ಮೇಲೆ ಸ್ಕ್ರೂವಿನ ಮೈಮೇಲಿರುವಂಥ ಸುರುಳಿ ಕೊರೆದಿದ್ದಾರೆ. ಶಾಫ್ಟ್ ತಿರುಗುವಾಗ ಆ ಸುರುಳಿ ಆಯಿಲನ್ನು ಒಳಕ್ಕೇ ತಳ್ಳುತ್ತಿರುತ್ತದೆ. ಎಂಜಿನ್ ನಿಂತಿತೋ, ತಳ್ಳುವವರಿಲ್ಲ. ಅದಕ್ಕೇ ನೀನು ಸುತ್ತಾಡಿ ಬಂದು ನಿಲ್ಲಿಸಿದ ಮೇಲೆ ತೊಟ್ಟಿಕ್ಕುತ್ತದೆ. 1964ರ ಕೊನೆಯಲ್ಲಿ ಐದು ಬೇರಿಂಗಿನ ಎಂಜಿನ್ ಬಂದಾಗ ಅಲ್ಲಿ ಸೀಲ್ ಸೇರಿತು. ನಿನ್ನ ಕಾರು ಅದಕ್ಕೂ ಮೊದಲಿನದು. ಅಬಿಂಗ್ಡನ್ ಕಾರ್ಖಾನೆಯಿಂದ ಹೊರಟ ದಿನದಿಂದಲೇ ಅದರ ಸ್ವಭಾವ ಹೀಗೆ.

ಅಲ್ಲೇ ಕ್ಲಚ್ಚನ್ನು ಮುಚ್ಚಿರುವ ಬೆಲ್‌ಹೌಸಿಂಗಿನ ತಳದ ತೂತಿನಲ್ಲಿ ಸಡಿಲವಾಗಿ ಅಲ್ಲಾಡುವ ಒಂದು ಸ್ಪ್ಲಿಟ್ ಪಿನ್, ಎರಡು ಕಾಲಿನ ತಂತಿಯ ಮೊಳೆ, ಕಾಣುತ್ತದೆ. ಅಲ್ಲಿಂದ ಹನಿ ಬೀಳುತ್ತದೆ ಅಂತ ತೂತು ಮುಚ್ಚಿಬಿಟ್ಟೀಯ, ಜೋಕೆ. ಆಯಿಲ್ ಒಳಗೇ ನಿಂತು ಕ್ಲಚ್ ಪ್ಲೇಟಿಗೆ ಹತ್ತದಿರಲಿ ಅಂತಲೇ ಆ ತೂತು. ಅದು ಕೊಳೆಯಿಂದ ಕಟ್ಟಿಕೊಳ್ಳದಿರಲಿ ಅಂತ ಆ ಪಿನ್ನು. ಇದನ್ನು ಮೊದಲ ಸಲ ತಿಳಿದಾಗ ನನಗೆ ಆ ಹಳೆಯ ಎಂಜಿನಿಯರುಗಳ ಮೇಲೆ ಗೌರವ ಹೆಚ್ಚಾಯಿತು.

ಇನ್ನು ಎಂಜಿನ್‌ನ ಪಕ್ಕದಲ್ಲಿ, ಹೊಗೆಕೊಳವೆ ಸೇರುವ ಮ್ಯಾನಿಫೋಲ್ಡಿನ ಕೆಳಗಿರುವ ತಗಡಿನ ಮುಚ್ಚಳಗಳು, ಅಂದರೆ ಟ್ಯಾಪೆಟ್ ಕವರುಗಳು. ಅವೂ ಒಸರುತ್ತವೆ. ನಾನು ಮೊದಲ ವರ್ಷ ಬೋಲ್ಟನ್ನು ಇನ್ನಷ್ಟು ಬಿಗಿದೆ. ತಗಡು ಬಾಗಿತು, ಒಸರುತ್ತಿದ್ದದ್ದು ಜಿನುಗತೊಡಗಿತು. ಕಾರ್ಕಿನ ಪ್ಯಾಕಿಂಗಿಗೆ ಬಲ ಬೇಡ, ಸಮತಟ್ಟಾದ ಕವರು ಬೇಕು. ಯಾವ ಪ್ಯಾಕಿಂಗ್ ಬದಲಿಸುವ ಮೊದಲೂ ಎಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪು ಕಟ್ಟಿದೆಯೇ ನೋಡು. ಕಟ್ಟಿದ್ದರೆ ಒಳಗಿನ ಒತ್ತಡ ಆಯಿಲನ್ನು ಸಿಕ್ಕ ಸಂದಿನಿಂದೆಲ್ಲ ಹೊರದೂಡುತ್ತದೆ. ಈ ಕಾರಿನಲ್ಲಿ ಗೇರ್‌ಬಾಕ್ಸಿಗೂ ಎಂಜಿನ್ ಆಯಿಲನ್ನೇ ಹಾಕುವುದರಿಂದ ಹನಿ ಮೂಸಿ ನೋಡಿ ಯಾವುದರದ್ದು ಅಂತ ಹೇಳಲಾಗದು. ಹಿಂದಿನ ಆಕ್ಸಲ್‌ನದ್ದಾದರೆ ಗಂಧಕದ ಕಮಟು ವಾಸನೆಯಿಂದಲೇ ಗೊತ್ತಾಗುತ್ತದೆ.

ಇದುವರೆಗೆ ಹೇಳಿದ್ದರ ಜೊತೆ ಬಾಳಬಹುದು. ಇನ್ನು ಬಾಳಲಾಗದ್ದು.

ನಿನಗೆ ಈವರೆಗೆ ಹೇಳಿಲ್ಲ. ಕಾರು ಕೊಂಡ ಎರಡನೇ ಬೇಸಿಗೆಯಲ್ಲಿ ಬ್ರೇಕ್ ಆಯಿಲ್ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ಎಂಜಿನ್ ಆಯಿಲ್ ಹಾಕುವ ಹಾಗೆ ಅದನ್ನೂ ಮೇಲಿಂದ ಸುರಿಯುತ್ತಾ ಹೋದೆ. ಒಂದು ಭಾನುವಾರ ಮಗಳು ಪಕ್ಕದಲ್ಲಿ ಕೂತಿದ್ದಳು. ಇಳಿಜಾರಿನಲ್ಲಿ ಪೆಡಲ್ ಒತ್ತಿದೆ, ಅದು ನೆಲಕ್ಕೇ ಹೋಯಿತು. ನಮ್ಮ ಕಾರುಗಳಲ್ಲಿ ಬ್ರೇಕಿಗೆ ಒಂದೇ ಸರ್ಕಿಟ್. ಒಂದು ಕಡೆ ಹರಿದರೆ ನಾಲ್ಕೂ ಚಕ್ರ ಕೈಬಿಡುತ್ತವೆ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬೇಲಿಗೆ ಒರೆಸಿಕೊಂಡು ನಿಂತೆವು. ಏನೂ ಆಗಲಿಲ್ಲ. ಮಗಳು "ಬಂತಾ ಅಪ್ಪಾ?" ಅಂತ ಕೇಳಿದಳು. ನನ್ನ ಕೈ ಎಷ್ಟೋ ಹೊತ್ತು ನಡುಗುತ್ತಿತ್ತು. ಹಿಂದಿನ ಎಡಚಕ್ರದ ಬ್ರೇಕ್ ಸಿಲಿಂಡರ್ ಸೋರುತ್ತಿತ್ತು. ಟಯರಿನ ಒಳಮೈ ಎಷ್ಟು ದಿನದಿಂದ ಒದ್ದೆಯಾಗಿತ್ತೋ, ನಾನು ಬಗ್ಗಿ ನೋಡಿರಲಿಲ್ಲ.

ನಲವತ್ತು ವರ್ಷ ದಾಟಿದ, ಹೆಚ್ಚು ಬದಲಿಸದ ಕಾರಿಗೆ ಇಲ್ಲಿ ಬ್ರಿಟನ್ನಿನಲ್ಲಿ 2018ರಿಂದ ಎಂಒಟಿ ಅನ್ನುವ ವಾರ್ಷಿಕ ಸುರಕ್ಷತಾ ತಪಾಸಣೆ ಕಡ್ಡಾಯವಲ್ಲ. ನಾನಂತೂ ಈಗ ಪ್ರತಿ ವರ್ಷ ದುಡ್ಡು ಕೊಟ್ಟು ಮಾಡಿಸುತ್ತೇನೆ. ನೀನೂ ಮಾಡಿಸು. ಇನ್ನೊಂದು ಜೊತೆ ಕಣ್ಣು ಕಾರಿನಡಿ ನೋಡಲೇಬೇಕು.

ಪೆಟ್ರೋಲ್ ವಿಷಯದಲ್ಲೂ ತಡ ಬೇಡ. 2021ರಲ್ಲಿ ಶೇಕಡಾ ಹತ್ತರವರೆಗೆ ಎಥನಾಲ್ ಬೆರೆತ ಇ10 ಪೆಟ್ರೋಲ್ ಬಂದ ಮೇಲೆ ಅದರ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಬೇಗ ಹಾಳುಮಾಡುತ್ತಿದೆ. ಕಾರ್ಬ್ಯುರೇಟರುಗಳ ಕೆಳಗೇ ಕಾದ ಎಗ್ಸಾಸ್ಟ್ ಇದೆ ಅನ್ನುವುದು ನೆನಪಿರಲಿ. ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸು. ಕೂಲೆಂಟ್ ನೆಲಕ್ಕೆ ಬಿದ್ದರೆ ಒಡನೆ ತೊಳೆದುಬಿಡು. ಅದು ವಿಷ, ನಿಮ್ಮ ಪಕ್ಕದ ಮನೆಯ ಬೆಕ್ಕು ನೆಕ್ಕಿದರೆ ಸಾಯುತ್ತದೆ.

ಶನಿವಾರ ಜ್ಯಾಕು, ಸ್ಟ್ಯಾಂಡು ಎಲ್ಲ ತಗೊಂಡು ಬರುತ್ತೇನೆ. ಅಷ್ಟರಲ್ಲಿ ಕಾರಿನಡಿ ದೊಡ್ಡ ರಟ್ಟು ಹಾಸು. ನಾಲ್ಕು ಚಕ್ರಗಳ ಜಾಗ ಅದರ ಮೇಲೆ ಗುರುತಿಸಿ, ಯಾವ ಕಲೆ ಯಾವ ದಿನ ಬಿತ್ತು ಅಂತ ಪಕ್ಕದಲ್ಲೇ ಬರೆ. ಬ್ರೇಕ್ ಆಯಿಲ್ ಡಬ್ಬಿಯ ಸುತ್ತ ಒರೆಸಿ, ಮುಚ್ಚಳ ತೆಗೆದು ಮಟ್ಟ ನೋಡು. ಪೇಂಟಿಗೆ ತಾಗಿಸಬೇಡ, ಬಣ್ಣ ಕಿತ್ತುಬರುತ್ತದೆ. ಪೆಡಲಿನ ಕೆಳಗಿನ ಕಾರ್ಪೆಟ್ಟನ್ನು ಕೈಯಿಂದ ಮುಟ್ಟಿ ನೋಡು. ಒದ್ದೆಯಿದ್ದರೆ ಅಥವಾ ಮಟ್ಟ ಇಳಿದಿದ್ದರೆ, ಬೀದಿ ಕೊನೆಯವರೆಗೂ ಕಾರು ತೆಗೆಯಬೇಡ. ನಾನು ಬರುವ ತನಕ ಕೀಲಿಯನ್ನು ಮನೆಯವರ ಕೈಗೆ ಕೊಟ್ಟಿರು.

ನಿನ್ನ ಗೆಳೆಯ