ಖುಲಾಸೆ ಆದವನನ್ನು ಆಡಿಸುವ ಮುನ್ನ: ಯಾದಗಿರಿಯ ಗೆಳೆಯನಿಗೊಂದು ಪತ್ರ

ಕಲಬುರಗಿ

ಪ್ರಿಯ ದೋಸ್ತ,

ನೀ ಬರೆದದ್ದು ಎರಡೇ ಸಾಲು. ಗಂಭೀರ ಅಪರಾಧದ ಕೇಸಿನಲ್ಲಿ ಖುಲಾಸೆ ಆದ ಆಟಗಾರನನ್ನು ಮತ್ತೆ ಆಡಿಸಬೇಕೋ ಬೇಡವೋ ಅಂತ ಕ್ಲಬ್ಬಿನ ಬೈಲಾಕ್ಕೆ ಒಂದು ಕಲಂ ಸೇರಿಸಬೇಕು, ಹೆಂಗ ಬರೀಲಿ? ಕಮಿಟಿ ಎರಡು ಹೋಳಾಗಿದೆಯಂತೆ. ಒಂದು ಗುಂಪು "ಕೋರ್ಟೇ ಬಿಟ್ಟದ, ನಾವ್ಯಾರು ಹಿಡೀಲಿಕ್ಕ?" ಅನ್ನುತ್ತದೆ, ಇನ್ನೊಂದು "ಬೆಂಕಿ ಇಲ್ದ ಹೊಗಿ ಬರ್ತದೇನು?" ಅನ್ನುತ್ತದೆ. ಈ ಎರಡು ಗುಂಪಿನಲ್ಲಿ ಒಬ್ಬನಾದರೂ ಖುಲಾಸೆ ತೀರ್ಪೊಂದನ್ನು ಮೊದಲ ಪುಟದಿಂದ ಕೊನೇವರೆಗೆ ಓದಿದ್ದಾನೋ ಇಲ್ಲವೋ ಕೇಳಿ ನೋಡು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಖುಲಾಸೆ ಆದವ ಆಡಬೇಕು, ಅದೂ ತಡಮಾಡದೆ. ಕೋರ್ಟು ಬಿಟ್ಟ ಮೇಲೂ ಗಾಳಿಮಾತಿನ ಮೇಲೆ ಹೊರಗಿಡುವುದು ಅನ್ಯಾಯ. ಆದರೆ ಕ್ಲಬ್ಬು ತಾನು ಮಾಡಬೇಕಾದ ವಿಚಾರಣೆಯನ್ನು ಮಾಡದೆ, ನಾಲ್ಕು ವರ್ಷ ಕೋರ್ಟಿನ ದಾರಿ ಕಾದು, ತೀರ್ಪು ಬಂದ ದಿನ ಕೈತೊಳೆದುಕೊಳ್ಳುವುದೂ ತಪ್ಪು. ಗಲಾಟೆ ಎಲ್ಲಾ ಹುಟ್ಟುವುದು ಈ ಎರಡನೇ ತಪ್ಪಿನಿಂದ.

ಮೊದಲು 'ಖುಲಾಸೆ' ಅನ್ನುವ ಪದ ನೋಡು. ಪೇಪರಿನವರು ನಾಲ್ಕೈದು ಬೇರೆ ಬೇರೆ ಸಂಗತಿಗಳಿಗೆ ಇದೊಂದೇ ಪದ ಬಳಸುತ್ತಾರೆ. ತೀರ್ಪಿನ ಕೊನೆಯ ಪುಟದ ಆದೇಶದಲ್ಲಿ ಯಾವ ಕಲಂ ಬರೆದಿದೆ ಅನ್ನುವುದರ ಮೇಲೆ ಕಣ್ಣಿಡು. 2024ರ ಜುಲೈ 1ಕ್ಕಿಂತ ಮೊದಲೇ ವಿಚಾರಣೆ ಶುರುವಾಗಿದ್ದ ಕೇಸುಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ನಡೆಯುತ್ತವೆ, ಹಾಗಾಗಿ ಇನ್ನೂ ಕೆಲ ವರ್ಷ ನಿನಗೆ ಹಳೆಯ ಕಲಂಗಳೇ ಸಿಗುತ್ತವೆ. ಸೆಷನ್ಸ್ ಕೋರ್ಟಿನ ತೀರ್ಪಿನಲ್ಲಿ 235(1) ಅಂತಿದ್ದರೆ ಸಾಕ್ಷಿ ವಿಚಾರಣೆ ಎಲ್ಲಾ ಮುಗಿಸಿ ಬಿಟ್ಟಿದ್ದಾರೆ. 227 ಇದ್ದರೆ ವಿಚಾರಣೆಯೇ ನಡೆದಿಲ್ಲ, ಚಾರ್ಜ್‌ಶೀಟಿನಲ್ಲಿ ಹುರುಳಿಲ್ಲ ಅಂತ ಬಾಗಿಲಲ್ಲೇ ಬಿಟ್ಟದ್ದು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇವೇ 258 ಮತ್ತು 250. ಹಳೆಯ ಸಂಹಿತೆಯ 320 ಕಂಡರೆ ಅದು ರಾಜಿ. ಕಾನೂನಿನ ಕಣ್ಣಿಗೆ ಅದೂ ಖುಲಾಸೆಯೇ, ಆದರೆ ಯಾರು ಏನು ಮಾಡಿದರು ಅಂತ ಯಾವ ನ್ಯಾಯಾಧೀಶರೂ ಹೇಳಿಲ್ಲ. 321 ಕಂಡರೆ ಸರ್ಕಾರವೇ ಕೇಸು ಹಿಂತೆಗೆದುಕೊಂಡದ್ದು. 482 ಇದ್ದರೆ ಹೈಕೋರ್ಟ್ ಕೇಸನ್ನೇ ರದ್ದು ಮಾಡಿದ್ದು.

ಕಲಂ ಸಿಕ್ಕಮೇಲೆ ಸಾಕ್ಷಿಗಳ ಭಾಗಕ್ಕೆ ಹೋಗು. ದೂರುದಾರರು, ಪಂಚರು, ಪ್ರತ್ಯಕ್ಷದರ್ಶಿ ಎಲ್ಲರೂ ಕಟಕಟೆಯಲ್ಲಿ "ನನಗೇನೂ ಗೊತ್ತಿಲ್ಲ, ಪೊಲೀಸರು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು" ಅಂದು ಉಲ್ಟಾ ಹೊಡೆದ ಕೇಸಿಗೂ, ದೂರುದಾರರು ಗಟ್ಟಿಯಾಗಿ ನಿಂತು ಹೇಳಿದ್ದನ್ನು ಪಾಟೀಸವಾಲಿನಲ್ಲಿ ಸುಳ್ಳೆಂದು ತೋರಿಸಿದ ಕೇಸಿಗೂ ಆಕಾಶ ಭೂಮಿ ಅಂತರ. ಎರಡರಲ್ಲೂ ಆಟಗಾರ ಹೊರಗೆ ಬರುತ್ತಾನೆ. 'ಗೌರವಯುತ ಖುಲಾಸೆ' ಅನ್ನುವ ಮಾತು ಕಾನೂನು ಪುಸ್ತಕದಲ್ಲಿಲ್ಲ, ಕೋರ್ಟುಗಳು ಬಳಕೆಗೆ ತಂದದ್ದು. ಸಾಕ್ಷ್ಯವನ್ನೆಲ್ಲ ಪೂರ್ತಿ ತೂಗಿ ನೋಡಿ, ಪ್ರಾಸಿಕ್ಯೂಷನ್ ಸಂಪೂರ್ಣ ಸೋತಿದೆ ಅಂದಾಗ ಮಾತ್ರ ಅದು ಅನ್ವಯ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಸಮುತಿರಂ ಕೇಸಿನಲ್ಲಿ ಹೇಳಿದೆ. ತೀರ್ಪು ಬೇಕಿದ್ದರೆ ನಕಲು ವಿಭಾಗಕ್ಕೆ ಅರ್ಜಿ ಹಾಕಿ ದೃಢೀಕೃತ ಪ್ರತಿ ತರಲು ಆಟಗಾರನಿಗೇ ಹೇಳು. ಈ-ಕೋರ್ಟ್ಸ್ ಆ್ಯಪಿನಲ್ಲಿ ಪ್ರತಿ ಕೇಸಿಗೂ ಇರುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೂ ಕೇಸಿನ ಸ್ಥಿತಿ ತಿಳಿಯುತ್ತದೆ, ಆದರೆ ಲೈಂಗಿಕ ಅಪರಾಧದ ತೀರ್ಪು ಅಲ್ಲಿ ಕಾಣದೇ ಇರಬಹುದು. ಇಂಥ ತೀರ್ಪಿನ ಪುಟವನ್ನು ಕಮಿಟಿಯ ವಾಟ್ಸ್ಯಾಪ್ ಗ್ರೂಪಿಗೆ ಹಾಕಬೇಡಿ. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧ, ಆರೋಪಿ ಖುಲಾಸೆ ಆದಮೇಲೂ ಅದು ಅಪರಾಧವೇ.

ಇನ್ನು ಕ್ಲಬ್ಬಿನ ವಿಚಾರಣೆ. "ಕೋರ್ಟ್ ಬಿಟ್ಟಮೇಲೆ ನಾವು ವಿಚಾರಿಸುವುದು ಏನು?" ಅನ್ನುವವರಿಗೆ ಶ್ರೀಶಾಂತ್ ಕೇಸು ಹೇಳು. 2013ರ ಮೇ ತಿಂಗಳಲ್ಲಿ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ಬಂಧನ, ಅದೇ ಸೆಪ್ಟೆಂಬರಿನಲ್ಲಿ ಬಿಸಿಸಿಐನಿಂದ ಆಜೀವ ನಿಷೇಧ. 2015ರ ಜುಲೈನಲ್ಲಿ ದಿಲ್ಲಿ ಕೋರ್ಟ್ ಆರೋಪದಿಂದ ಬಿಡುಗಡೆ ಮಾಡಿತು. ಬೋರ್ಡ್ ಮಾತ್ರ ಜಗ್ಗಲಿಲ್ಲ. ಕೇರಳ ಹೈಕೋರ್ಟಿನಲ್ಲಿ ಒಮ್ಮೆ ಗೆಲುವು, ಒಮ್ಮೆ ಸೋಲು. ಕೊನೆಗೆ 2019ರ ಮಾರ್ಚ್ 15ರಂದು ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು: ಕ್ರಿಮಿನಲ್ ಕೋರ್ಟ್ ಬಿಟ್ಟ ಮಾತ್ರಕ್ಕೆ ಬೋರ್ಡಿನ ಶಿಸ್ತುಕ್ರಮ ತಾನಾಗಿ ಬಿದ್ದುಹೋಗುವುದಿಲ್ಲ, ಆದರೆ ಆಜೀವ ನಿಷೇಧ ಅತಿಯಾಯಿತು, ಶಿಕ್ಷೆಯ ಪ್ರಮಾಣ ಮತ್ತೆ ನೋಡಿ. ಆಗ ಬೋರ್ಡಿನ ದೂರು ವಿಚಾರಿಸುವ ಓಂಬುಡ್ಸ್‌ಮನ್ ಅದನ್ನು 7 ವರ್ಷಕ್ಕೆ ಇಳಿಸಿದರು, 2020ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು, 2021ರ ಜನವರಿಯಲ್ಲಿ ಶ್ರೀಶಾಂತ್ ಕೇರಳದ ಪರ ಮತ್ತೆ ಚೆಂಡು ಹಿಡಿದರು. ಅಷ್ಟೊತ್ತಿಗೆ ವಯಸ್ಸು 37. ವೇಗದ ಬೌಲರನ ಒಳ್ಳೆಯ ವರ್ಷಗಳು ಫೈಲಿನಲ್ಲೇ ಕಳೆದವು.

ನಮ್ಮ ರಾಜ್ಯದ್ದೇ ಬೇಕೆಂದರೆ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಫಿಕ್ಸಿಂಗ್ ಹಗರಣ ಇದೆ. 2019ರಲ್ಲಿ ಬೆಂಗಳೂರು ಪೊಲೀಸರ ಸಿಸಿಬಿ (ಕೇಂದ್ರ ಅಪರಾಧ ವಿಭಾಗ) ಬಂಧಿಸಿದವರಲ್ಲಿ ಆಟಗಾರರೂ ಇದ್ದರು. 2022ರ ಜನವರಿಯಲ್ಲಿ ಹೈಕೋರ್ಟ್ ಚಾರ್ಜ್‌ಶೀಟ್ ರದ್ದು ಮಾಡಿತು. ಏಕೆ? ಫಿಕ್ಸಿಂಗ್ ನಡೆದೇ ಇಲ್ಲ ಅಂತ ಅಲ್ಲ. ಪ್ರೇಕ್ಷಕ ತಾನಾಗಿ ಟಿಕೆಟ್ ಕೊಂಡು ಬರುತ್ತಾನೆ, ಅವನನ್ನು ಯಾರೂ ಪುಸಲಾಯಿಸಿ ದುಡ್ಡು ಕೀಳಲಿಲ್ಲ, ಆದ್ದರಿಂದ ಐಪಿಸಿ 420ರ ವಂಚನೆ ಆಗುವುದಿಲ್ಲ ಅಂತ. ಶಿಸ್ತುಕ್ರಮ ಬೇಕಿದ್ದರೆ ಬಿಸಿಸಿಐ ತನ್ನ ನಿಯಮದಲ್ಲಿ ತೆಗೆದುಕೊಳ್ಳಲಿ ಅಂತಲೂ ಅದೇ ತೀರ್ಪಿನಲ್ಲಿದೆ. ಕೋರ್ಟು ತನ್ನ ಕೆಲಸ ಎಲ್ಲಿಗೆ ಮುಗಿಯಿತು ಅಂತ ಇಷ್ಟು ಸ್ಪಷ್ಟವಾಗಿ ಗೆರೆ ಎಳೆದು ತೋರಿಸುವುದು ಅಪರೂಪ.

ಹಂಗಂತ ಕ್ಲಬ್ಬು ತಾನೇ ಕೋರ್ಟಾಗಿ ಕೂತು "ಕೊಲೆ ಮಾಡಿದನೋ ಇಲ್ಲವೋ" ಅಂತ ವಿಚಾರಿಸಬಾರದು, ಅದು ನಿಮ್ಮ ಕೈಲಾಗುವ ಕೆಲಸವಲ್ಲ. ನೀವು ಕೇಳಬೇಕಾದ ಪ್ರಶ್ನೆ ಸಣ್ಣದು: ಕ್ಲಬ್ಬಿನ ನಿಯಮ ಮುರಿದನೋ? ಬೆನ್ ಸ್ಟೋಕ್ಸ್ ವಿಷಯದಲ್ಲಿ ಇಂಗ್ಲೆಂಡಿನವರು ಮಾಡಿದ್ದೂ ಇದನ್ನೇ. 2017ರ ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್‌ನಲ್ಲಿ ಮಧ್ಯರಾತ್ರಿ ಹೊಡೆದಾಟ, ಆ್ಯಷಸ್ ಸರಣಿ ಕೈತಪ್ಪಿತು. 2018ರ ಆಗಸ್ಟ್ 14ರಂದು ಖುಲಾಸೆ, ನಾಲ್ಕೇ ದಿನಕ್ಕೆ ಶುರುವಾದ ಭಾರತದ ವಿರುದ್ಧದ ನಾಟಿಂಗ್‌ಹ್ಯಾಮ್ ಟೆಸ್ಟಿನಲ್ಲಿ ಕಣಕ್ಕಿಳಿದರು. ಆದರೂ ಡಿಸೆಂಬರಿನಲ್ಲಿ ಶಿಸ್ತು ಸಮಿತಿ ಆಟಕ್ಕೆ ಕೆಟ್ಟ ಹೆಸರು ತಂದದ್ದಕ್ಕೆ 8 ಪಂದ್ಯ ನಿಷೇಧ, 30,000 ಪೌಂಡ್ ದಂಡ ಹಾಕಿತು. ಅಷ್ಟರಲ್ಲಿ ತಪ್ಪಿಹೋಗಿದ್ದ ಪಂದ್ಯಗಳನ್ನೇ ನಿಷೇಧಕ್ಕೆ ವಜಾ ಹಾಕಿಕೊಂಡರು. ಇದು ನನಗೆ ಹಿಡಿಸಿದ ಲೆಕ್ಕ. ಕಾದು ಕೂತ ದಿನವೂ ಶಿಕ್ಷೆಯೇ, ಅದನ್ನು ಕಳೆಯದಿದ್ದರೆ ಒಂದೇ ತಪ್ಪಿಗೆ ಎರಡು ಸಲ ಕಟ್ಟಿಸಿಕೊಂಡಂತೆ. ನಿನ್ನ ಕಲಮಿನಲ್ಲಿ ಇದನ್ನು ಬರೆಯಲೇಬೇಕು.

ವಿಚಾರಣೆ ಹೆಂಗ ಕೆಡುತ್ತದೆ ಅನ್ನುವುದಕ್ಕೆ ಕೆಜಿಎಫ್‌ನ ಕ್ಯಾಪ್ಟನ್ ಪಾಲ್ ಆ್ಯಂಟನಿ ಕೇಸು ನೋಡು. ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಭದ್ರತಾ ಅಧಿಕಾರಿ, ಆಟಗಾರ ಅಲ್ಲ. 1985ರಲ್ಲಿ ಮನೆ ಮೇಲೆ ದಾಳಿ ಮಾಡಿ ಚಿನ್ನ ಸಿಕ್ಕಿತು ಅಂತ ಅಮಾನತು ಮಾಡಿದರು, ಅಮಾನತಿನಲ್ಲಿದ್ದಾಗ ಸಿಗಬೇಕಾದ ಭಾಗಶಃ ಸಂಬಳ, ಅಂದರೆ ಜೀವನಾಧಾರ ಭತ್ಯೆ ಕೊಡಲಿಲ್ಲ. ಅವರು ಕೇರಳದ ತಮ್ಮೂರಲ್ಲಿದ್ದರು, ಬರಲಾಗದೆ ಗೈರಾದರು, ಅವರಿಲ್ಲದೆಯೇ ವಿಚಾರಣೆ ಮುಗಿಸಿ ಕೆಲಸದಿಂದ ತೆಗೆದರು. ಆಮೇಲೆ ಕ್ರಿಮಿನಲ್ ಕೋರ್ಟಿನಲ್ಲಿ ದಾಳಿಯೇ ಸಾಬೀತಾಗಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿತು: ಎರಡೂ ಕಡೆ ಅದೇ ಘಟನೆ, ಅದೇ ಸಾಕ್ಷಿಗಳು, ಕೋರ್ಟು ನಂಬದ ಸಾಕ್ಷ್ಯದ ಮೇಲೆ ಏಕಪಕ್ಷೀಯ ಆದೇಶ ನಿಲ್ಲುವುದಿಲ್ಲ. ಶ್ರೀಶಾಂತ್ ಕೇಸಿಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. ನಿಮ್ಮ ಆರೋಪಪಟ್ಟಿ ಪೊಲೀಸರ ಚಾರ್ಜ್‌ಶೀಟಿನ ಝೆರಾಕ್ಸ್ ಆಗಿದ್ದರೆ ಖುಲಾಸೆ ಆದ ದಿನ ಅದೂ ಬೀಳುವ ಸಂಭವ ಹೆಚ್ಚು. ಕ್ಯಾಂಪಿನಿಂದ ರಾತ್ರಿ ಹೇಳದೆ ಹೋದ, ಬುಕ್ಕಿ ಫೋನ್ ಮಾಡಿದ್ದನ್ನು ಮುಚ್ಚಿಟ್ಟ, ಮ್ಯಾನೇಜರಿಗೆ ಸುಳ್ಳು ಹೇಳಿದ, ಇಂಥ ನಿಮ್ಮದೇ ನಿಯಮದ ಉಲ್ಲಂಘನೆ ಇದ್ದರೆ ನಿಲ್ಲುತ್ತದೆ.

ಹಾಗಾಗಿ ಕಲಮಿನ ಮೈಕಟ್ಟು ಹೀಗಿರಲಿ. ಎಫ್‌ಐಆರ್ ಆದಾಕ್ಷಣ ತೆಗೆಯಬೇಡಿ, ಎಫ್‌ಐಆರ್ ಯಾರು ಯಾರ ಮೇಲಾದರೂ ಹಾಕಿಸಬಹುದು. ಬಂಧನ ಅಥವಾ ಚಾರ್ಜ್‌ಶೀಟ್ ಆದಾಗ ತಾತ್ಕಾಲಿಕ ಅಮಾನತು, ಅದು ಶಿಕ್ಷೆಯಲ್ಲ ಅಂತ ಆದೇಶದಲ್ಲೇ ಬರೆಯಿರಿ, 90 ದಿನಕ್ಕೊಮ್ಮೆ ಮರುಪರಿಶೀಲನೆ. ಮೂವರ ಸಮಿತಿ, ಒಬ್ಬ ಮಹಿಳೆ ಇರಲಿ, ಒಬ್ಬರು ಹೊರಗಿನವರು. ಆರೋಪ ಬರವಣಿಗೆಯಲ್ಲಿ, ಉತ್ತರಕ್ಕೆ 15 ದಿನ, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶ, ಕಾರಣ ಬರೆದ ಆದೇಶ, ಮೇಲ್ಮನವಿ. ಕೋರ್ಟಿಗೆ 'ಸಂಶಯಾತೀತ' ಪುರಾವೆ ಬೇಕು, ನಿಮಗೆ 'ಹೀಗೇ ಆಗಿರುವ ಸಂಭವ ಹೆಚ್ಚು' ಅನ್ನುವಷ್ಟು ಸಾಕು. ಈ ಅಳತೆಯನ್ನೂ ಬೈಲಾದಲ್ಲೇ ಬರೆಯಿರಿ. ದೂರು ಲೈಂಗಿಕ ಕಿರುಕುಳದ್ದಾಗಿದ್ದರೆ ನಿಮ್ಮ ಸಮಿತಿ ಅದರಲ್ಲಿ ಕೈ ಹಾಕಬಾರದು. 2013ರ ಕಾಯ್ದೆ ಕ್ರೀಡಾಂಗಣ, ಕ್ರೀಡಾ ಸಂಸ್ಥೆಗಳನ್ನೂ 'ಕೆಲಸದ ಸ್ಥಳ' ಅನ್ನುತ್ತದೆ. ಹತ್ತಕ್ಕಿಂತ ಕಡಿಮೆ ಮಂದಿ ಕೆಲಸ ಮಾಡುವ ಕಡೆಯ ದೂರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು.

ಸಂಬಳದ ಮಾತು ಚಿಕ್ಕದಾಗಿ. ಬೆಂಜಮಿನ್ ಮೆಂಡಿ ಅನ್ನುವ ಫುಟ್ಬಾಲ್ ಆಟಗಾರನಿಗೆ ಮ್ಯಾಂಚೆಸ್ಟರ್ ಸಿಟಿ 2021ರಿಂದ ಸಂಬಳ ನಿಲ್ಲಿಸಿತ್ತು. 2023ರಲ್ಲಿ ಎಲ್ಲಾ ಆರೋಪಗಳಿಂದ ಖುಲಾಸೆ. 2024ರಲ್ಲಿ ಉದ್ಯೋಗ ನ್ಯಾಯಮಂಡಳಿ, ಜೈಲಿನಲ್ಲಿದ್ದ ಅವಧಿ ಬಿಟ್ಟು ಉಳಿದದ್ದನ್ನು ಕೊಡಿ ಅಂದಿತು. ನಿಮ್ಮ ಕ್ಲಬ್ಬು ಕೊಡುವುದು ಬಸ್ ಚಾರ್ಜು, ಮ್ಯಾಚ್ ಫೀ ಅಷ್ಟೇ ಇರಬಹುದು. ಆದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ನೌಕರಿ ಹಿಡಿದ ಹುಡುಗ 48 ಗಂಟೆಗಿಂತ ಹೆಚ್ಚು ಕಸ್ಟಡಿಯಲ್ಲಿದ್ದರೆ ಇಲಾಖೆಯಲ್ಲಿ ಅಮಾನತು ಆಗಿಯೇ ಆಗುತ್ತದೆ, ಕೈಗೆ ಬರುವುದು ಜೀವನಾಧಾರ ಭತ್ಯೆ ಮಾತ್ರ.

ಮೇಲ್ಮನವಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಯಾದಗಿರಿ ಸೆಷನ್ಸ್ ಕೋರ್ಟ್ ಬಿಟ್ಟರೆ ಸರ್ಕಾರ ಇಲ್ಲಿನ ಹೈಕೋರ್ಟ್ ಪೀಠಕ್ಕೆ 90 ದಿನದೊಳಗೆ ಬರಬಹುದು. ಸಂತ್ರಸ್ತರಿಗೂ ತಾವೇ ಮೇಲ್ಮನವಿ ಹಾಕುವ ಹಕ್ಕಿದೆ. ಅದಕ್ಕೇ ಖುಲಾಸೆ ಆದವನಿಂದಲೂ ಮೇಲಿನ ಕೋರ್ಟಿಗೆ ಹಾಜರಾಗುತ್ತೇನೆ ಅಂತ ಆರು ತಿಂಗಳ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. "ಮೇಲ್ಮನವಿ ಮುಗಿಯುವವರೆಗೆ ಕಾಯೋಣ" ಅಂದರೆ ಏನಾಗುತ್ತದೆ ಗೊತ್ತೇ? 1988ರ ಡಿಸೆಂಬರಿನಲ್ಲಿ ಪಟಿಯಾಲಾದ ರಸ್ತೆ ಜಗಳದ ಸಾವಿನ ಕೇಸಿನಲ್ಲಿ ಕ್ರಿಕೆಟಿಗ ಸಿಧು 1999ರಲ್ಲಿ ಖುಲಾಸೆ ಆದರು, 2006ರಲ್ಲಿ ಹೈಕೋರ್ಟ್ 3 ವರ್ಷ ಶಿಕ್ಷೆ ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 1,000 ರೂಪಾಯಿ ದಂಡಕ್ಕೆ ಇಳಿಸಿತು, 2022ರಲ್ಲಿ ಅದೇ ಕೋರ್ಟ್ ಮರುಪರಿಶೀಲಿಸಿ 1 ವರ್ಷ ಜೈಲು ಅಂದಿತು. 33 ವರ್ಷಕ್ಕೂ ಹೆಚ್ಚು! ಯಾವ ಆಟಗಾರ ಕಾಯುತ್ತಾನೆ? ಖುಲಾಸೆ ಆದರೆ ಆಡಲಿ, ಮೇಲಿನ ಕೋರ್ಟ್ ತಿರುಗಿಸಿದರೆ ಆ ದಿನವೇ ಮತ್ತೆ ಅಮಾನತು. ಇದನ್ನು ಒಂದೇ ಸಾಲಿನಲ್ಲಿ ಬರೆಯಬಹುದು.

ನೇಪಾಳದ ಕ್ರಿಕೆಟಿಗ ಸಂದೀಪ್ ಲಾಮಿಛಾನೆ ವಿಷಯದಲ್ಲಿ ಬೋರ್ಡು ಎಡವಿದ್ದು ಬೇರೆ ಕಡೆ ಅನ್ನಿಸುತ್ತದೆ. ಅತ್ಯಾಚಾರದ ಕೇಸು ನಡೆಯುತ್ತಿರುವಾಗಲೇ, 2023ರ ಫೆಬ್ರುವರಿಯಲ್ಲಿ ಅಮಾನತು ತೆಗೆದು ಆಡಿಸಿದರು. ಕೀರ್ತಿಪುರದಲ್ಲಿ ಎದುರಾಳಿ ತಂಡದವರು ಪಂದ್ಯ ಮುಗಿದಮೇಲೆ ಕೈ ಕುಲುಕಲಿಲ್ಲ. 2024ರ ಜನವರಿಯಲ್ಲಿ 8 ವರ್ಷ ಶಿಕ್ಷೆ, ಮೇ ತಿಂಗಳಲ್ಲಿ ಪಾಟನ್ ಹೈಕೋರ್ಟಿನಿಂದ ಖುಲಾಸೆ, ಜೂನ್‌ನಲ್ಲಿ ವಿಶ್ವಕಪ್. ಅಮೆರಿಕ ವೀಸಾ ಕೊಡದ್ದರಿಂದ ವೆಸ್ಟ್ ಇಂಡೀಸಿನ ಪಂದ್ಯಗಳಿಗಷ್ಟೇ ಸಿಕ್ಕರು. ಹೊರದೇಶ ಬಿಡು, ನಿಮ್ಮ ಹುಡುಗನ ಪಾಸ್‌ಪೋರ್ಟ್ ಜಾಮೀನು ಷರತ್ತಿನಲ್ಲಿ ಕೋರ್ಟಿನಲ್ಲೇ ಇದ್ದರೆ, ಖುಲಾಸೆ ಆದಮೇಲೂ ವಾಪಸ್ ಪಡೆಯಲು ಬೇರೆ ಅರ್ಜಿ ಹಾಕಬೇಕು. ಅದು ತಾನಾಗಿ ಮನೆಗೆ ಬರುವುದಿಲ್ಲ.

ಕೊನೆಗೆ ಕಮಿಟಿಯವರು ಯಾರೂ ಯೋಚಿಸದ ಸಂಗತಿ: ಮೈ. ಎರಡು ವರ್ಷ ಚೆಂಡು ಮುಟ್ಟದ ವೇಗದ ಬೌಲರನನ್ನು ಖುಲಾಸೆ ಆದ ವಾರದ ಭಾನುವಾರವೇ 10 ಓವರ್ ಹಾಕಿಸಿದರೆ ಸೊಂಟ ಹೋಗುತ್ತದೆ. ಸ್ನಾಯು ಕೆಲವೇ ವಾರದಲ್ಲಿ ಹದಕ್ಕೆ ಬರುತ್ತದೆ, ಬೆನ್ನಿನ ಕೆಳಗಿನ ಎಲುಬು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಬಲಗೈ ಬೌಲರನಿಗೆ ಸೀಳು ಬೀಳುವುದು ಸಾಮಾನ್ಯವಾಗಿ ಎಡಭಾಗದಲ್ಲಿ, ನೋವು ಕಾಣಿಸುವುದು ಮೂರ್ನಾಲ್ಕು ವಾರ ತಡವಾಗಿ, ಹಾಗಾಗಿ ಆ ಭಾನುವಾರದ ತಪ್ಪು ಯಾರಿಗೂ ನೆನಪಿರುವುದಿಲ್ಲ. ಮೊದಲ ವಾರ ದಿನ ಬಿಟ್ಟು ದಿನ ಮೂರು ಸಲ, ಸಲಕ್ಕೆ 24 ಎಸೆತ, ಒಟ್ಟು 72. ಪ್ರತಿ ವಾರ ಹತ್ತೋ ಹನ್ನೆರಡೋ ಶೇಕಡಾ ಏರಿಸಿದರೆ ಆರೇಳು ವಾರಕ್ಕೆ 130-140 ಆಗುತ್ತದೆ, ಒಂದು 50 ಓವರಿನ ಪಂದ್ಯ ಮತ್ತು ಎರಡು ದಿನದ ನೆಟ್ಸ್‌ಗೆ ಅಷ್ಟು ಸಾಕು. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಲ್ಲಿ ಇದನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸು.

ಇನ್ನೊಂದು. ಖುಲಾಸೆ ಆದವನಿಗೆ ಸಿಗುವುದು ಆಯ್ಕೆಗೆ ನಿಲ್ಲುವ ಹಕ್ಕು, ಹನ್ನೊಂದರಲ್ಲಿ ಜಾಗ ಅಲ್ಲ. ಕೈಬಿಟ್ಟರೆ ನಡಾವಳಿ ಪುಸ್ತಕದಲ್ಲಿ ರನ್ನು, ವಿಕೆಟ್ಟು, ಫಿಟ್‌ನೆಸ್ ಬರೆಯಿರಿ. "ಊರಲ್ಲಿ ಮಾತಾಡ್ತಾರ" ಅಂತ ಬರೆದ ಕಮಿಟಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಕರಡು ಕೈಬರಹದಲ್ಲಿದ್ದರೂ ನಡೀತದ, ಸಾಮಾನ್ಯ ಸಭೆಗೆ ಇಡುವ ಮೊದಲು ಫೋಟೊ ಹೊಡೆದು ಕಳಿಸು. ಅಮಾನತಿನ ಸಾಲಿನಲ್ಲಿ 'ಅನಿರ್ದಿಷ್ಟಾವಧಿ' ಅಂತ ಯಾರಾದರೂ ಬರೆಸಿದ್ದರೆ ಅದನ್ನು ಈಗಲೇ ಹೊಡೆದುಹಾಕಿ ಕಳಿಸು.

ನಿನ್ನ ದೋಸ್ತ