ಖಾಲಿ ಕ್ಯಾಸೆಟ್ಟಿಗೆ ಮೊದಲು ಅಂಕಿ

ಸಾಗರ, 12-1-2004

ಚಿ. ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ಎಲ್ಲ ಕ್ಷೇಮ.

ಶನಿವಾರ ರಾತ್ರಿಯಿಡೀ ಯಕ್ಷಗಾನದ ಆಟ ಶೂಟ್ ಮಾಡುತ್ತೀಯೆಂದೂ ವಿಡಿಯೊ ಕ್ಯಾಮೆರಾಕ್ಕೆ ಹತ್ತು ಮಿನಿ ಡಿವಿ ಕ್ಯಾಸೆಟ್ ತಂದಿಟ್ಟಿದ್ದೀಯೆಂದೂ ಬರೆದಿದ್ದೀಯ. ಸಂತೋಷ. ಆದರೆ ಅವನ್ನು ಹಾಗೇ ಖಾಲಿಯಾಗಿ ಒಯ್ಯಬೇಡ. ಇವತ್ತಿನಿಂದಲೇ ಒಂದೊಂದನ್ನು ಕ್ಯಾಮೆರಾಕ್ಕೆ ಹಾಕು, ಲೆನ್ಸಿನ ಮುಚ್ಚಳ ಹಾಕಿ ರೆಕಾರ್ಡ್ ಒತ್ತು, 60 ನಿಮಿಷವೂ ಓಡಲಿ. ಕರೆಂಟು ಹೋಗಿ ನಡುವೆ ನಿಂತರೆ ಮೊದಲಿಂದ ಶುರುಮಾಡು. ಮುಗಿದ ಮೇಲೆ ರಿವೈಂಡ್ ಮಾಡಿಡು.

ಬರೀ ಕತ್ತಲೆ ಯಾಕೆ ತುಂಬಬೇಕು ಅನ್ನಿಸೀತು. ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮಿನ ಅಂಕಿ ಟೇಪಿನಲ್ಲಿ ಕೂರುತ್ತದೆ. ಅದೇ ಟೈಮ್‌ಕೋಡ್. ಮುಂದೆ ಶೂಟ್ ಮಾಡುವಾಗ ಕ್ಯಾಮೆರಾ ಆ ಅಂಕಿ ಓದಿ ಅಲ್ಲಿಂದ ಎಣಿಸುತ್ತದೆ. ಖಾಲಿ ಟೇಪ್ ಸಿಕ್ಕಿತೋ, ಮತ್ತೆ ಸೊನ್ನೆಯಿಂದ.

ನನಗೆ ಆದದ್ದು ಅದೇ. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ಒಬ್ಬ ವೇಷಧಾರಿ ತನ್ನ ಪ್ರವೇಶ ಹೇಗೆ ಬಂತು ನೋಡಬೇಕೆಂದರು. ತಿರುಗಿಸಿ ತೋರಿಸಿದೆ. ಮತ್ತೆ ರೆಕಾರ್ಡ್ ಒತ್ತುವಾಗ ಚೂರು ಖಾಲಿ ಜಾಗ ಬಿಟ್ಟುಹೋಯಿತು. ಒಂದೇ ಕ್ಯಾಸೆಟ್ಟಿನಲ್ಲಿ ಒಂದೇ ಅಂಕಿಯ ಎರಡು ಜಾಗ! ತಿಂಗಳ ಮೇಲೆ, ಟೇಪಿನಿಂದ ಚಿತ್ರ ಇಳಿಸಿಟ್ಟಿದ್ದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತು. ಒಂದು ಗಂಟೆಗೆ 13 ಜಿಬಿ ನುಂಗುವ ಈ ಚಿತ್ರಕ್ಕೆ ಬೇರೆ ಪ್ರತಿ ಎಲ್ಲಿಡುವುದು? ಯಾವ ತುಣುಕು ಯಾವ ಅಂಕಿಯಿಂದ ಯಾವ ಅಂಕಿವರೆಗೆ ಎಂಬ ಎಡಿಟಿಂಗಿನ ಪಟ್ಟಿಯೊಂದೇ ಸಿ.ಡಿ.ಯಲ್ಲಿ ಉಳಿದಿತ್ತು. ಟೈಮ್‌ಕೋಡ್ ಸರಿಯಿದ್ದರೆ ಅದಷ್ಟೇ ಸಾಕು, ಕಂಪ್ಯೂಟರ್ ತಾನೇ ಟೇಪ್ ಓಡಿಸಿ ಎಲ್ಲವನ್ನೂ ಹೆಕ್ಕಿ ತರುತ್ತದೆ. ನನಗೆ ಭಾಗವತರ ಪದ್ಯದ ಜಾಗದಲ್ಲಿ ಬಣ್ಣ ಹಚ್ಚಿಕೊಳ್ಳುವ ದೃಶ್ಯ ಬಂತು. ಎಂಟು ದಿನ ಕೂತು ಕೈಯಾರೆ ಹುಡುಕಿದೆ ಮಾರಾಯ.

ಯಾವ ಕ್ಯಾಮೆರಾದಿಂದ ಟೇಪಿಗೆ ಅಂಕಿ ತುಂಬಿದೆಯೋ ಅದರಲ್ಲೇ ಶೂಟ್ ಮಾಡು. ಅಂಕಿ ತುಂಬುವಾಗಲೂ ಶೂಟ್ ಮಾಡುವಾಗಲೂ ಟೇಪಿನ ವೇಗ ಎಸ್‌ಪಿ (ಮಾಮೂಲು ವೇಗ) ಇರಲಿ, ನಿಧಾನವಾಗಿ ಓಡಿಸುವ ಎಲ್‌ಪಿ ಮುಟ್ಟಬೇಡ. ಮೊದಲ ಒಂದು ನಿಮಿಷದಲ್ಲಿ ಏನೂ ತೆಗೆಯಬೇಡ. ಕ್ಯಾಪ್ಚರ್ ಮಾಡುವಾಗ, ಅಂದರೆ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವಾಗ, ಟೇಪಿಗೆ ಕೆಲವು ಸೆಕೆಂಡು ಹಿಂದಿನಿಂದ ಓಡಿ ಬರಲು ಜಾಗ ಬೇಕು. ಹೀಗೆ ಎರಡೆರಡು ಸಲ ಓಡಿಸಿದರೆ ಕ್ಯಾಮೆರಾದೊಳಗೆ ಟೇಪನ್ನು ಓದಿ ಬರೆಯುವ ಹೆಡ್ ಸವೆಯುತ್ತದೆ ಎಂದು ಅಂಗಡಿಯವರು ಹೆದರಿಸುತ್ತಾರೆ. ಸವೆಯುವುದು ನಿಜ, ಆದರೂ ಮಾಡು. ಹೆಡ್ ಬದಲಿಸಬಹುದು, ಬೆಳಗಿನ ಜಾವದ ಆ ಪದ್ಯವನ್ನು ಭಾಗವತರು ಮತ್ತೆ ಹಾಗೆಯೇ ಹಾಡಲಾರರು.

ಶೂಟ್ ಆದ ಕ್ಯಾಸೆಟ್ ಹೊರತೆಗೆದ ಕೂಡಲೇ ಹಿಂಬದಿಯ ಪುಟ್ಟ ಗುಂಡಿಯನ್ನು ‘ಸೇವ್’ ಕಡೆ ಸರಿಸು, ಮೇಲೆ ನಂಬರ್ ಬರೆ. ಅಕ್ಕನಿಗೆ ನಮಸ್ಕಾರ ಹೇಳು. ಭಾನುವಾರ ನಿದ್ದೆ ಮುಗಿಸಿ ಫೋನ್ ಮಾಡು.

ಇಂತಿ ನಿನ್ನ ಮಾವ